ಕೆನಡಾದ ಇಂಟರ್ನೆಟ್ ಸಗಟು ದರ: ಒಂದು ಅಂಕಿ ಖಚಿತವಾಗಲು ಐದು ವರ್ಷ ಯಾಕೆ ಹಿಡಿಯಿತು

ಟೊರೊಂಟೊ, ಮಿಸ್ಸಿಸಾಗಾ, ಬ್ರ್ಯಾಂಪ್ಟನ್ ಕಡೆ ಹೊಸದಾಗಿ ಮನೆ ಮಾಡುವ ನಮ್ಮವರು ಇಂಟರ್ನೆಟ್ ಹಾಕಿಸೋಣ ಅಂತ ವಿಚಾರಿಸಿದರೆ ಮೊದಲು ಕಿವಿಗೆ ಬೀಳುವುದು ಎರಡೇ ಹೆಸರು, ಬೆಲ್ ಮತ್ತು ರಾಜರ್ಸ್. ಸ್ವಲ್ಪ ಹುಡುಕಿದರೆ ಟೆಕ್‌ಸ್ಯಾವಿಯಂಥ ಸಣ್ಣ ಕಂಪನಿಗಳೂ ಸಿಗುತ್ತವೆ. ಎಷ್ಟೋ ಸಲ ಅವರ ದರ ಕಡಿಮೆ ಇರುತ್ತದೆ. ಆದರೆ ಮನೆಗೆ ಬರುವ ತಂತಿ ಮಾತ್ರ ಬೆಲ್‌ನದ್ದೇ ಅಥವಾ ರಾಜರ್ಸ್‌ನದ್ದೇ. ತಂತಿ ಕೆಟ್ಟರೆ ರಿಪೇರಿಗೆ ಬರುವವರೂ ಅವರ ಕಡೆಯವರೇ. ಹಾಗಿದ್ದ ಮೇಲೆ ಸಣ್ಣ ಕಂಪನಿ ಕಡಿಮೆ ದರಕ್ಕೆ ಕೊಡುವುದು ಹೇಗೆ? ದೊಡ್ಡ ಕಂಪನಿ ತನ್ನ ತಂತಿಯನ್ನು ತನ್ನದೇ ಪ್ರತಿಸ್ಪರ್ಧಿಗೆ ಯಾಕೆ ಬಿಟ್ಟುಕೊಡುತ್ತದೆ? ಕೊಟ್ಟರೂ ಎಷ್ಟಕ್ಕೆ?

ಬಿಟ್ಟುಕೊಡಲೇಬೇಕು ಅಂತ ಸಿಆರ್‌ಟಿಸಿ ಹೇಳಿದೆ, ಅದಕ್ಕೇ ಕೊಡುತ್ತದೆ. ಸಿಆರ್‌ಟಿಸಿ ಅಂದರೆ ಕೆನಡಾದ ರೇಡಿಯೊ, ಟೆಲಿವಿಷನ್ ಮತ್ತು ಟೆಲಿಕಾಂ ಆಯೋಗ. ಹೆಚ್ಚುಕಡಿಮೆ ಭಾರತದಲ್ಲಿ ಟೆಲಿಕಾಂ ಕಂಪನಿಗಳನ್ನು ನಿಯಂತ್ರಿಸುವ ನಮ್ಮ ಟ್ರಾಯ್ ಮಾಡುವಂಥ ಕೆಲಸ. ಎಷ್ಟಕ್ಕೆ ಕೊಡಬೇಕು ಅನ್ನುವುದನ್ನೂ ಅದೇ ನಿಗದಿ ಮಾಡುತ್ತದೆ. ಇದಕ್ಕೆ ಸಗಟು ದರ ಅನ್ನುತ್ತಾರೆ. ಕೇಳಲು ಒಣ ವಿಷಯ, ನಿಜ. ಆದರೆ ಕೆನಡಾದ ಎಷ್ಟೋ ಮನೆಗಳ ತಿಂಗಳ ಬಿಲ್ ನಿಂತಿರುವುದು ಇದರ ಮೇಲೆ. 2019ರಲ್ಲಿ ಮಾರುಕಟ್ಟೆಯ ಸ್ಪರ್ಧೆಯ ಮೇಲೆ ಕಣ್ಣಿಡುವ ಅಲ್ಲಿನ ಸರಕಾರಿ ಸಂಸ್ಥೆ ಕಾಂಪಿಟಿಷನ್ ಬ್ಯೂರೊ ಅಧ್ಯಯನ ಮಾಡಿದಾಗ 10 ಲಕ್ಷಕ್ಕೂ ಜಾಸ್ತಿ ಮನೆಗಳು ಇಂಥ ಸ್ವತಂತ್ರ ಕಂಪನಿಗಳಿಂದ ಇಂಟರ್ನೆಟ್ ಪಡೆಯುತ್ತಿದ್ದವು. ಈ ದರ ಎಷ್ಟು ಅನ್ನುವುದರ ಬಗ್ಗೆ ಎಲ್ಲರೂ ಜಗಳ ಆಡುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ಆ ದರ ಯಾವಾಗ ಖಚಿತವಾಗುತ್ತದೆ? ಸಣ್ಣ ಕಂಪನಿಗಳು ಉಳಿದದ್ದು, ಅಳಿದದ್ದು ಬಹುಪಾಲು ಇದರ ಮೇಲೆ.

ಮೊದಲು ತಂತಿಯ ಕಥೆ. ಬೆಂಗಳೂರಿನಲ್ಲಿ ಬೆಳೆದವರಿಗೆ ಇದು ವಿಚಿತ್ರ ಅನ್ನಿಸಬಹುದು. ಅಲ್ಲಿ ಒಂದೊಂದು ಕಂಪನಿಯೂ ಕಂಬದಿಂದ ಕಂಬಕ್ಕೆ, ಮರದಿಂದ ಮರಕ್ಕೆ ತನ್ನ ತನ್ನ ಕೇಬಲ್ ಎಳೆಯುತ್ತದೆ, ಒಂದೇ ರಸ್ತೆಯಲ್ಲಿ ಹತ್ತಾರು ಕರಿ ಕೇಬಲ್ ನೇತಾಡುತ್ತವೆ. ಕೆನಡಾದಲ್ಲಿ ಹಾಗಿಲ್ಲ. ಹೆಚ್ಚಿನ ಮನೆಗಳಿಗೆ ಬರುವುದು ಎರಡೇ ತಂತಿ. ಒಂದು ಹಳೆಯ ಟೆಲಿಫೋನ್ ಕಂಪನಿಯದ್ದು, ಇನ್ನೊಂದು ಕೇಬಲ್ ಟಿವಿ ಕಂಪನಿಯದ್ದು. ಒಂಟಾರಿಯೊ, ಕ್ವಿಬೆಕ್‌ನಲ್ಲಿ ಟೆಲಿಫೋನ್ ಕಡೆಯಿಂದ ಬೆಲ್, ಆಲ್ಬರ್ಟಾ ಮತ್ತು ಬ್ರಿಟಿಷ್ ಕೊಲಂಬಿಯಾದಲ್ಲಿ ಟೆಲಸ್. ಕೇಬಲ್ ಕಡೆ ಒಂಟಾರಿಯೊದಲ್ಲಿ ರಾಜರ್ಸ್ ಮತ್ತು ಕೋಜೆಕೊ, ಕ್ವಿಬೆಕ್‌ನಲ್ಲಿ ವಿಡಿಯೊಟ್ರಾನ್. ಪಶ್ಚಿಮದಲ್ಲಿ ಶಾ ಇತ್ತು, 2023ರ ಏಪ್ರಿಲ್‌ನಲ್ಲಿ ಅದನ್ನೂ ರಾಜರ್ಸ್ ಕೊಂಡುಕೊಂಡಿತು. ಮೂರನೆಯವರು ಬಂದು ಪ್ರತಿ ಮನೆಗೂ ಹೊಸ ತಂತಿ ಎಳೆಯಬೇಕು ಅಂದರೆ ರಸ್ತೆ ಅಗೆಯಬೇಕು, ಕಂಬದ ಮೇಲೆ ಜಾಗ ಕೇಳಬೇಕು, ನಗರಸಭೆಯ ಅನುಮತಿ ಬೇಕು. ಇಷ್ಟೆಲ್ಲ ಮಾಡಿದ ಮೇಲೆ ಬೀದಿಯ ಹತ್ತು ಮನೆಗಳಲ್ಲಿ ಒಂದೆರಡು ಮಾತ್ರ ಗಿರಾಕಿಗಳಾದರೆ ಹಾಕಿದ ದುಡ್ಡು ಹುಟ್ಟುವುದಿಲ್ಲ.

ಆದ್ದರಿಂದ ಆಯೋಗ ಬೇರೆ ದಾರಿ ಹಿಡಿಯಿತು. ತಂತಿ ಇರುವವರು ಅದನ್ನು ಸಗಟು ದರದಲ್ಲಿ ಬೇರೆಯವರಿಗೆ ಕೊಡಬೇಕು, ಬೇರೆಯವರು ಅದರ ಮೇಲೆ ತಮ್ಮ ಸೇವೆ ಮಾರಬೇಕು. ಅಂಗಡಿ ಮಳಿಗೆಯ ಮಾಲೀಕರೇ ಪಕ್ಕದ ಮಳಿಗೆಯಲ್ಲಿ ಅದೇ ವ್ಯಾಪಾರ ಮಾಡುತ್ತಿದ್ದರೆ ಬಾಡಿಗೆಯನ್ನು ಅವರ ಇಷ್ಟಕ್ಕೆ ಬಿಡಲು ಆಗುತ್ತಾ? ಬಿಟ್ಟರೆ ಬಾಡಿಗೆದಾರ ಒಂದೇ ವರ್ಷದಲ್ಲಿ ಜಾಗ ಖಾಲಿ ಮಾಡಬೇಕಾಗುತ್ತದೆ. ಅದಕ್ಕೇ ಬಾಡಿಗೆಯನ್ನು ಮೂರನೆಯವರು ಗೊತ್ತು ಮಾಡುತ್ತಾರೆ.

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡಬೇಕು, ಯಾಕೆಂದರೆ ತುಂಬಾ ಜನ ಇಲ್ಲೇ ಗೊಂದಲ ಮಾಡಿಕೊಳ್ಳುತ್ತಾರೆ. ನಿಮ್ಮ ಮನೆಯ ಬಿಲ್‌ನಲ್ಲಿ ಕಾಣುವ ದರವನ್ನು ಸಿಆರ್‌ಟಿಸಿ ನಿಗದಿ ಮಾಡುವುದಿಲ್ಲ. ಅದನ್ನು ಮಾರುಕಟ್ಟೆಗೆ ಬಿಟ್ಟಿದ್ದಾರೆ. ಆಯೋಗ ಹಿಡಿದಿರುವುದು ಒಂದು ಕಂಪನಿ ಇನ್ನೊಂದು ಕಂಪನಿಗೆ ಕೊಡುವ ದುಡ್ಡನ್ನು ಮಾತ್ರ. ಅಲ್ಲಿ ಸರಿಯಾಗಿ ಹಿಡಿದರೆ ಮನೆಯ ಬಿಲ್ ತಾನಾಗಿ ಇಳಿಯುತ್ತದೆ ಅನ್ನುವುದು ಲೆಕ್ಕಾಚಾರ.

1993ರ ಟೆಲಿಕಮ್ಯುನಿಕೇಷನ್ಸ್ ಕಾಯ್ದೆ ಇದಕ್ಕೆಲ್ಲ ಆಧಾರ. ಅದರ 25ನೇ ಸೆಕ್ಷನ್ ಪ್ರಕಾರ ಕಂಪನಿ ತನ್ನ ದರಪಟ್ಟಿಯನ್ನು, ಅಂದರೆ ಟ್ಯಾರಿಫ್ ಅನ್ನು, ಆಯೋಗಕ್ಕೆ ಸಲ್ಲಿಸಿ ಒಪ್ಪಿಗೆ ಪಡೆಯಬೇಕು. 27ನೇ ಸೆಕ್ಷನ್ ಪ್ರಕಾರ ಆ ದರ ನ್ಯಾಯವಾಗಿರಬೇಕು, ಸಮಂಜಸವಾಗಿರಬೇಕು. 26ನೇ ಸೆಕ್ಷನ್ ಇನ್ನೂ ಸ್ವಾರಸ್ಯಕರ. ಟ್ಯಾರಿಫ್ ಬಂದು 45 ಕೆಲಸದ ದಿನಗಳೊಳಗೆ ಆಯೋಗ ಅದನ್ನು ಒಪ್ಪಬೇಕು, ತಿದ್ದಬೇಕು ಅಥವಾ ತಳ್ಳಿಹಾಕಬೇಕು. ಇಲ್ಲದಿದ್ದರೆ ಹೆಚ್ಚಿನ ಮಾಹಿತಿ ಕೇಳಬೇಕು, ಅಥವಾ ಯಾಕೆ ಇನ್ನೂ ತೀರ್ಮಾನಿಸಿಲ್ಲ, ಯಾವಾಗ ತೀರ್ಮಾನಿಸುತ್ತೇವೆ ಅಂತ ಕಾರಣ ಬರೆದು ಪ್ರಕಟಿಸಬೇಕು. ಈ 45 ದಿನ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈಗ ದರ ಹುಟ್ಟುವ ಕ್ರಮ. ಎಷ್ಟು ಬೇಕು ಅಂತ ಕಂಪನಿ ಸುಮ್ನೆ ಕೇಳುವಂತಿಲ್ಲ. ಸಗಟು ಗಿರಾಕಿಗಳಿಗೆ ಸೇವೆ ಕೊಡಲು ತನಗೆ ಹೆಚ್ಚುವರಿಯಾಗಿ ಎಷ್ಟು ಖರ್ಚಾಗುತ್ತದೆ ಅಂತ ವೆಚ್ಚದ ಅಧ್ಯಯನ ಮಾಡಿ ಕೊಡಬೇಕು. ಇದಕ್ಕೆ ಕೆನಡಾದ ಟೆಲಿಕಾಂ ವಲಯದಲ್ಲಿ ಫೇಸ್ ಟೂ, ಅಂದರೆ ಎರಡನೇ ಹಂತದ, ಲೆಕ್ಕ ಅನ್ನುತ್ತಾರೆ. ಹಲವು ವರ್ಷಗಳ ಅವಧಿಯನ್ನು ಹಿಡಿದು, ಆ ಅವಧಿಯಲ್ಲಿ ಬೇಕಾಗುವ ಉಪಕರಣ, ತಂತಿ, ಸಿಬ್ಬಂದಿ, ನಿರ್ವಹಣೆ, ಹಾಕಿದ ಬಂಡವಾಳಕ್ಕೆ ಸಿಗಬೇಕಾದ ಪ್ರತಿಫಲ, ಎಲ್ಲವನ್ನೂ ಇವತ್ತಿನ ಬೆಲೆಗೆ ಇಳಿಸಿ, ತಿಂಗಳಿಗೆ ಒಬ್ಬ ಗಿರಾಕಿಗೆ ಇಷ್ಟು ಅಂತ ಒಂದು ಅಂಕಿ ತೆಗೆಯುತ್ತಾರೆ. ಅದರ ಮೇಲೆ ಆಯೋಗ ಒಂದಷ್ಟು ಶೇಕಡಾ ಲಾಭಾಂಶ ಸೇರಿಸುತ್ತದೆ. ನಾನು ಹೇಳಹೊರಟಿರುವ ಪ್ರಕರಣದಲ್ಲಿ ಅದು ಶೇ. 30 ಇತ್ತು. ದೊಡ್ಡ ಕಂಪನಿಗಳು ನಷ್ಟಕ್ಕೆ ತಂತಿ ಕೊಡುತ್ತಿವೆ ಅನ್ನುವ ಮಾತು ಆಗಾಗ ಬರುತ್ತದಲ್ಲ, ಆಗ ಇದನ್ನು ನೆನಪಿಟ್ಟುಕೊಳ್ಳಬೇಕು. ಬಂಡವಾಳದ ಪ್ರತಿಫಲ ವೆಚ್ಚದ ಒಳಗೇ ಸೇರಿರುತ್ತದೆ, ಲಾಭಾಂಶ ಅದರ ಮೇಲೆ.

ಹಾಗಾದರೆ ಜಗಳ ಎಲ್ಲಿ? ವೆಚ್ಚದ ಒಳಗಿನ ಊಹೆಗಳಲ್ಲಿ. ಒಂದು ಉದಾಹರಣೆ ಕಟ್ಟೋಣ. 1,000 ಗಿರಾಕಿಗಳನ್ನು ಜೋಡಿಸಬಲ್ಲ ಒಂದು ಉಪಕರಣಕ್ಕೆ 1 ಲಕ್ಷ ಡಾಲರ್ ಅಂತಿಟ್ಟುಕೊಳ್ಳಿ. ಅದು ಪೂರ್ತಿ ತುಂಬುವುದಿಲ್ಲ, ಸ್ವಲ್ಪ ಜಾಗ ಯಾವಾಗಲೂ ಖಾಲಿ ಇರುತ್ತದೆ. ಶೇ. 80 ತುಂಬುತ್ತದೆ ಅಂತ ಊಹಿಸಿದರೆ ಒಬ್ಬ ಗಿರಾಕಿಗೆ ಬೀಳುವ ವೆಚ್ಚ 125 ಡಾಲರ್. ಶೇ. 50 ಅಂತ ಊಹಿಸಿದರೆ 200 ಡಾಲರ್. ಉಪಕರಣ ಅದೇ, ಬೆಲೆ ಅದೇ, ಒಂದು ಊಹೆ ಬದಲಾದರೆ ವೆಚ್ಚ ಶೇ. 60 ಜಾಸ್ತಿ. ಇಂಥ ಊಹೆಗಳು ಹತ್ತಾರು ಇರುತ್ತವೆ. ಜನ ಬಳಸುವ ಡೇಟಾ ವರ್ಷಕ್ಕೆ ಎಷ್ಟು ಬೆಳೆಯುತ್ತದೆ? ಉಪಕರಣದ ಬೆಲೆ ವರ್ಷದಿಂದ ವರ್ಷಕ್ಕೆ ಎಷ್ಟು ಇಳಿಯುತ್ತದೆ? ಒಂದೇ ಕೇಬಲ್‌ನಲ್ಲಿ ಟಿವಿಯೂ ಇಂಟರ್ನೆಟ್ಟೂ ಹೋಗುವಾಗ ಅದರ ಖರ್ಚಿನಲ್ಲಿ ಇಂಟರ್ನೆಟ್‌ನ ಪಾಲೆಷ್ಟು? ಒಂದೊಂದನ್ನೂ ಸ್ವಲ್ಪ ಸ್ವಲ್ಪ ಮೇಲಕ್ಕೆ ತಳ್ಳಿದರೆ ಕೊನೆಯ ದರ ಎಲ್ಲಿಗೋ ಹೋಗುತ್ತದೆ.

ಈ ಊಹೆಗಳನ್ನು ಪರಿಶೀಲಿಸಬೇಕಾದ ಸಣ್ಣ ಕಂಪನಿಗೆ ಅಸಲಿ ಅಂಕಿಗಳು ಕಾಣುವುದೇ ಇಲ್ಲ. ಯಾವ ಉಪಕರಣವನ್ನು ಎಷ್ಟಕ್ಕೆ ಕೊಂಡೆವು ಅನ್ನುವುದು ವ್ಯಾಪಾರದ ಗುಟ್ಟು ಅಂತ ದೊಡ್ಡ ಕಂಪನಿಗಳು ಅದನ್ನು ಆಯೋಗಕ್ಕೆ ಮಾತ್ರ ಗೌಪ್ಯವಾಗಿ ಕೊಡುತ್ತವೆ. ಸಾರ್ವಜನಿಕ ಪ್ರತಿಯಲ್ಲಿ ಅಂಕಿ ಇರಬೇಕಾದ ಕಡೆ # ಗುರುತು. ಪುಟಗಟ್ಟಲೆ # ನೋಡಿಕೊಂಡು ಈ ಲೆಕ್ಕ ತಪ್ಪು ಅಂತ ವಾದ ಮಾಡಬೇಕು. ಗೌಪ್ಯತೆಗೆ ಕಾರಣವಿದೆ, ನಾನು ಇಲ್ಲ ಅನ್ನುವುದಿಲ್ಲ. ಎದುರಾಳಿಯ ಖರೀದಿ ಬೆಲೆ ಬಯಲಾದರೆ ಮುಂದಿನ ಟೆಂಡರ್‌ನಲ್ಲಿ ಏಟು ಬೀಳುತ್ತದೆ. ಆದರೆ ಇದರ ಪರಿಣಾಮ ಏನೆಂದರೆ ದೊಡ್ಡ ಕಂಪನಿಗೆ ಎಲ್ಲ ಗೊತ್ತು, ಆಯೋಗಕ್ಕೆ ದೊಡ್ಡ ಕಂಪನಿ ಹೇಳಿದಷ್ಟು ಗೊತ್ತು, ದುಡ್ಡು ಕೊಡುವವರಿಗೆ ಏನೂ ಗೊತ್ತಿಲ್ಲ. ದರ ತೀರ್ಮಾನ ನಿಧಾನವಾಗಲು ಇದೂ ಒಂದು ಕಾರಣ. ಆಯೋಗದ ಸಿಬ್ಬಂದಿ ಪ್ರಶ್ನೆ ಕಳಿಸುತ್ತಾರೆ, ಕಂಪನಿ ಉತ್ತರಿಸುತ್ತದೆ, ಉತ್ತರದಿಂದ ಇನ್ನಷ್ಟು ಪ್ರಶ್ನೆ ಹುಟ್ಟುತ್ತವೆ.

ಸಗಟು ದರದಲ್ಲಿ ಎರಡು ಭಾಗ ಇದೆ. ಒಂದು, ಪ್ರತಿ ಮನೆಯ ತಂತಿಗೆ ತಿಂಗಳ ಬಾಡಿಗೆ. ಇನ್ನೊಂದು, ಎಲ್ಲ ಗಿರಾಕಿಗಳ ಡೇಟಾ ಒಟ್ಟಾಗಿ ಹರಿದುಬರುವ ದೊಡ್ಡ ಕೊಳವೆಗೆ ಬಾಡಿಗೆ. ಈ ಎರಡನೆಯದನ್ನು 100 ಎಂಬಿಪಿಎಸ್ ತುಂಡುಗಳಲ್ಲಿ ಮಾರುತ್ತಾರೆ. ಸಣ್ಣ ಕಂಪನಿಗೆ 1,000 ಗಿರಾಕಿಗಳಿದ್ದು, ರಾತ್ರಿ ಎಲ್ಲರೂ ವಿಡಿಯೊ ನೋಡುವ ಹೊತ್ತಿಗೆ ಸರಾಸರಿ ಒಬ್ಬರಿಗೆ 2.5 ಎಂಬಿಪಿಎಸ್ ಬೇಕಾದರೆ ಒಟ್ಟು 2,500, ಅಂದರೆ 25 ತುಂಡು. ಕಡಿಮೆ ಕೊಂಡರೆ ರಾತ್ರಿ ಎಲ್ಲರ ಮನೆಯಲ್ಲೂ ವಿಡಿಯೊ ತಡವರಿಸುತ್ತದೆ, ಗಿರಾಕಿ ಬೈದು ಬಿಟ್ಟು ಹೋಗುತ್ತಾರೆ. ಜಾಸ್ತಿ ಕೊಂಡರೆ ಕೈಯಿಂದ ದುಡ್ಡು. ಬೆಳಗಿನ ಜಾವ ಮೂರು ಗಂಟೆಗೆ ಕೊಳವೆ ಖಾಲಿ ಬಿದ್ದಿದ್ದರೂ ಬಾಡಿಗೆ ಅಷ್ಟೇ. ಜನ ಬಳಸುವ ಡೇಟಾ ಬೆಳೆಯುತ್ತಲೇ ಇರುವುದರಿಂದ ಈ ಭಾಗದ ದರ ಇಳಿಯದಿದ್ದರೆ ಸಣ್ಣ ಕಂಪನಿಯ ಖರ್ಚು ಏನೂ ಮಾಡದೆಯೇ ಏರುತ್ತ ಹೋಗುತ್ತದೆ.

ಈ ಕೊಳವೆ ಪದ್ಧತಿ ಬಂದದ್ದೇ ಒಂದು ದೊಡ್ಡ ಗಲಾಟೆಯ ನಂತರ. 2011ರ ಜನವರಿಯಲ್ಲಿ ಆಯೋಗ, ಬೆಲ್ ತನ್ನ ಸಗಟು ಗಿರಾಕಿಗಳಿಗೂ ಬಳಸಿದಷ್ಟು ಡೇಟಾಗೆ ಲೆಕ್ಕ ಹಾಕಿ ದುಡ್ಡು ಕೇಳಬಹುದು ಅಂತ ಒಪ್ಪಿತು, ಬರೀ ಶೇ. 15 ರಿಯಾಯಿತಿ ಕೊಟ್ಟು. ಹಾಗಾಗಿದ್ದರೆ ಮಿತಿಯಿಲ್ಲದ ಪ್ಲಾನ್ ಮಾರುತ್ತಿದ್ದ ಸಣ್ಣ ಕಂಪನಿಗಳು ತಮ್ಮ ಗಿರಾಕಿಗಳ ಮೇಲೂ ತಿಂಗಳಿಗೆ 25 ಜಿಬಿಯಂಥ ಮಿತಿ ಹೇರಬೇಕಾಗುತ್ತಿತ್ತು. ನೆಟ್‌ಫ್ಲಿಕ್ಸ್ ಕೆನಡಾಕ್ಕೆ ಬಂದು ಆಗಿನ್ನೂ ಕೆಲವೇ ತಿಂಗಳು. ಓಪನ್ ಮೀಡಿಯಾ ಅನ್ನುವ ಸಂಘಟನೆಯ ಮನವಿಗೆ ಸುಮಾರು 5 ಲಕ್ಷ ಜನ ಸಹಿ ಹಾಕಿದರು. ಕೈಗಾರಿಕಾ ಸಚಿವ ಟೋನಿ ಕ್ಲೆಮೆಂಟ್ ಇದನ್ನು ಒಪ್ಪುವುದಿಲ್ಲ ಅಂತ ಬಹಿರಂಗವಾಗಿ ಹೇಳಿದರು. ಆಯೋಗ ಹಿಂದೆ ಸರಿದು ಅದೇ ವರ್ಷದ ನವೆಂಬರ್‌ನಲ್ಲಿ ಈಗ ಹೇಳಿದ ಪದ್ಧತಿ ತಂದಿತು. ಟ್ಯಾರಿಫ್‌ನಂಥ ಒಣ ಕಡತದ ಮೇಲೆ ಜನಸಾಮಾನ್ಯರು ಇಷ್ಟು ಸಿಟ್ಟಾಗಿದ್ದು ನನಗೆ ಗೊತ್ತಿರುವ ಹಾಗೆ ಅಪರೂಪ, ಮತ್ತು ಆ ಸಿಟ್ಟು ನ್ಯಾಯವಾಗಿತ್ತು.

ಈಗ ಮುಖ್ಯ ಪ್ರಕರಣಕ್ಕೆ ಬರೋಣ. 2016ರ ಮಾರ್ಚ್ 31ರಂದು ಆಯೋಗ, ಇರುವ ಸಗಟು ದರಗಳ ಲೆಕ್ಕ ಸರಿಯಿಲ್ಲ, ಎಲ್ಲರೂ ಹೊಸ ವೆಚ್ಚದ ಅಧ್ಯಯನ ಸಲ್ಲಿಸಿ ಅಂತ ಹೇಳಿತು. ಆ ವರ್ಷದ ಅಕ್ಟೋಬರ್‌ನಲ್ಲಿ, ಪೂರ್ತಿ ಪರಿಶೀಲನೆ ಮುಗಿಯುವ ತನಕ ಅಂತ ಮಧ್ಯಂತರ ದರಗಳನ್ನು ನಿಗದಿ ಮಾಡಿತು. ಮಧ್ಯಂತರ ದರ ಅಂದರೆ ಈಗ ಇಷ್ಟು ಕೊಡಿ, ಕೊನೆಗೆ ತೀರ್ಮಾನ ಬಂದಾಗ ಹೆಚ್ಚುಕಡಿಮೆಯಾದರೆ ಹಿಂದಿನಿಂದಲೇ ಲೆಕ್ಕ ಹಾಕಿ ವಾಪಸ್ ಕೊಡಿಸುತ್ತೇವೆ ಅಂತ. ಕೇಳಲು ನ್ಯಾಯವಾಗಿದೆ. ಆದರೆ ವ್ಯಾಪಾರ ಮಾಡುವವರ ಜಾಗದಲ್ಲಿ ನಿಂತು ನೋಡಿ. ನೀವು ಕೊಳ್ಳುವ ಸರಕಿನ ನಿಜವಾದ ಬೆಲೆ ನಿಮಗೆ ಇನ್ನೂ ಗೊತ್ತಿಲ್ಲ, ಆದರೆ ಅದನ್ನು ಇವತ್ತೇ ಗಿರಾಕಿಗೆ ಒಂದು ಬೆಲೆಗೆ ಮಾರಬೇಕು. ದರ ಇಳಿಯುತ್ತದೆ ಅಂತ ನಂಬಿ ಕಡಿಮೆಗೆ ಮಾರಿ, ಕೊನೆಗೆ ಇಳಿಯದಿದ್ದರೆ ಮುಳುಗಿದಿರಿ. ಜಾಸ್ತಿಗೆ ಮಾರಿದರೆ ಗಿರಾಕಿ ಬರುವುದಿಲ್ಲ.

ಅಂತಿಮ ದರ ಬರಲು ಮೂರು ವರ್ಷಕ್ಕೂ ಜಾಸ್ತಿ ಹಿಡಿಯಿತು. 2019ರ ಆಗಸ್ಟ್ 15ರ ಆದೇಶದಲ್ಲಿ ಕೊಳವೆಯ ದರ ಮಧ್ಯಂತರ ದರಕ್ಕಿಂತ ಶೇ. 15ರಿಂದ 43ರಷ್ಟು ಕಡಿಮೆಯಾಯಿತು, ತಂತಿಯ ದರ ಶೇ. 3ರಿಂದ 77ರಷ್ಟು. ಅದೂ ಹಿಂದಿನ ದಿನಾಂಕದಿಂದ ಜಾರಿ. ದೊಡ್ಡ ಕಂಪನಿಗಳು ವಾಪಸ್ ಕೊಡಬೇಕಾದ ಮೊತ್ತ ಒಟ್ಟು ಸುಮಾರು 32.5 ಕೋಟಿ ಕೆನಡಾ ಡಾಲರ್ ಅಂತ ಆಗ ವರದಿಯಾಗಿತ್ತು. ಟೆಕ್‌ಸ್ಯಾವಿ ಕೂಡಲೇ ತನ್ನ ದರ ಇಳಿಸಿತು. ಬೆಲ್ ತನ್ನ ಗ್ರಾಮೀಣ ವೈರ್‌ಲೆಸ್ ಇಂಟರ್ನೆಟ್ ಯೋಜನೆಯಿಂದ 2 ಲಕ್ಷ ಮನೆಗಳನ್ನು ಕೈಬಿಡುತ್ತೇವೆ ಅಂತ ಪ್ರಕಟಿಸಿತು.

ಅಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? ಕೆನಡಾದ ಕಾನೂನಿನಲ್ಲಿ ಆಯೋಗದ ತೀರ್ಮಾನವನ್ನು ಪ್ರಶ್ನಿಸಲು ಮೂರು ಬಾಗಿಲುಗಳಿವೆ. ಆಯೋಗಕ್ಕೇ ಮತ್ತೆ ಅರ್ಜಿ ಹಾಕಿ ಮರುಪರಿಶೀಲಿಸಿ ಅನ್ನಬಹುದು. ಕಾನೂನಿನ ಪ್ರಶ್ನೆ ಇದ್ದರೆ ಫೆಡರಲ್ ಮೇಲ್ಮನವಿ ನ್ಯಾಯಾಲಯಕ್ಕೆ ಹೋಗಬಹುದು. ಸಚಿವ ಸಂಪುಟಕ್ಕೂ ಮನವಿ ಕೊಡಬಹುದು, ಸಂಪುಟ ಒಂದು ವರ್ಷದೊಳಗೆ ಆದೇಶವನ್ನು ಬದಲಿಸಬಹುದು, ರದ್ದು ಮಾಡಬಹುದು, ವಾಪಸ್ ಕಳಿಸಬಹುದು. ದೊಡ್ಡ ಕಂಪನಿಗಳು ಮೂರೂ ಬಾಗಿಲನ್ನು ಒಟ್ಟಿಗೇ ತಟ್ಟಿದವು. ನ್ಯಾಯಾಲಯ 2019ರ ನವೆಂಬರ್‌ನಲ್ಲಿ ಆದೇಶಕ್ಕೆ ತಡೆ ಕೊಟ್ಟಿತು. ಇಳಿಸಿದ ದರವನ್ನು ಟೆಕ್‌ಸ್ಯಾವಿ 2020ರ ಆರಂಭದಲ್ಲಿ ಮತ್ತೆ ಏರಿಸಬೇಕಾಯಿತು. ಆಮೇಲೆ ಕೋವಿಡ್ ಬಂತು, ಎಲ್ಲರೂ ಮನೆಯಲ್ಲಿ ಕೂತರು, ಡೇಟಾ ಬಳಕೆ ಜಿಗಿಯಿತು, ಕೊಳವೆಯ ಬಾಡಿಗೆ ಹಳೆಯ ದರದಲ್ಲೇ ಏರಿತು.

2020ರ ಆಗಸ್ಟ್‌ನಲ್ಲಿ ಸಂಪುಟ ಆದೇಶವನ್ನು ರದ್ದು ಮಾಡಲಿಲ್ಲ, ಆದರೆ ಈ ದರಗಳು ಕೆಲವು ಕಡೆ ಹೂಡಿಕೆಯನ್ನೂ ಸ್ಪರ್ಧೆಯನ್ನೂ ಸರಿಯಾಗಿ ತೂಗಿಲ್ಲ ಅನ್ನುವ ಅರ್ಥದ ಮಾತು ಹೇಳಿತು. ಸೆಪ್ಟೆಂಬರ್ 10ರಂದು ಮೇಲ್ಮನವಿ ನ್ಯಾಯಾಲಯ ದೊಡ್ಡ ಕಂಪನಿಗಳ ಮೇಲ್ಮನವಿಯನ್ನು ವಜಾ ಮಾಡಿತು. ಸಣ್ಣ ಕಂಪನಿಗಳು ಉಸಿರು ಬಿಡುವಷ್ಟರಲ್ಲಿ, ಅದೇ ತಿಂಗಳ 28ರಂದು ಆಯೋಗವೇ ತನ್ನ ಆದೇಶಕ್ಕೆ ತಡೆ ಹಾಕಿತು. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ದೊಡ್ಡ ಕಂಪನಿಗಳ ಅರ್ಜಿಯನ್ನು ಕೇಳಲು ಒಪ್ಪಲಿಲ್ಲ. ನ್ಯಾಯಾಲಯದಲ್ಲಿ ಸಣ್ಣವರು ಪೂರ್ತಿ ಗೆದ್ದರು. ಮೂರು ತಿಂಗಳ ಮೇಲೆ, ಮೇ 27ರಂದು, ಆಯೋಗ ತನ್ನ 2019ರ ಲೆಕ್ಕಾಚಾರ ಸರಿಯಿತ್ತೇ ಅನ್ನುವ ಬಗ್ಗೆ ಗಣನೀಯ ಸಂದೇಹವಿದೆ ಅಂತ ಹೇಳಿ, 2016ರ ಮಧ್ಯಂತರ ದರಗಳನ್ನೇ ಸಣ್ಣ ತಿದ್ದುಪಡಿಗಳೊಂದಿಗೆ ಅಂತಿಮ ಮಾಡಿತು. ಮತ್ತೆ ಹೊಸದಾಗಿ ಲೆಕ್ಕ ಹಾಕಿದರೆ ಇನ್ನೂ ವರ್ಷಗಳು ಹಿಡಿಯುತ್ತವೆ, ಅಷ್ಟು ಅನಿಶ್ಚಿತತೆ ಬೇಡ ಅನ್ನುವುದು ಕಾರಣಗಳಲ್ಲಿ ಒಂದು. 45 ಕೆಲಸದ ದಿನ ಅಂತ ಕಾಯ್ದೆಯಲ್ಲಿದೆ ಅಂದೆನಲ್ಲ, ಇಲ್ಲಿ ಆದದ್ದು ಐದು ವರ್ಷ ಎರಡು ತಿಂಗಳು, ಮತ್ತು ಬಂದು ನಿಂತದ್ದು ಹೊರಟ ಜಾಗದ ಹತ್ತಿರವೇ.

ಈ ಪ್ರಕರಣದ ಮೇಲೆ ಇನ್ನೊಂದು ನೆರಳೂ ಬಿತ್ತು. ಮರುಪರಿಶೀಲನೆಗೆ ಅರ್ಜಿ ಬಿದ್ದ ದಿನಗಳಲ್ಲೇ, 2019ರ ಡಿಸೆಂಬರ್‌ನಲ್ಲಿ, ಆಯೋಗದ ಆಗಿನ ಅಧ್ಯಕ್ಷ ಇಯಾನ್ ಸ್ಕಾಟ್ ಮತ್ತು ಬೆಲ್‌ನ ಮುಖ್ಯಸ್ಥರಾಗಲಿದ್ದ ಮಿರ್ಕೊ ಬಿಬಿಕ್ ರಾಜಧಾನಿ ಒಟ್ಟಾವಾದ ಒಂದು ಪಬ್‌ನಲ್ಲಿ ಭೇಟಿಯಾಗಿದ್ದು ಆಮೇಲೆ ಸುದ್ದಿಯಾಯಿತು. ಹಳೆಯ ಪರಿಚಯ, ಯಾವ ನಿಯಮವನ್ನೂ ಮೀರಿಲ್ಲ ಅಂತ ಸ್ಕಾಟ್ ಹೇಳಿದರು. ಟೆಕ್‌ಸ್ಯಾವಿ ಅದನ್ನು ಸಂಪುಟಕ್ಕೆ ಕೊಟ್ಟ ಮನವಿಯಲ್ಲಿ ಎತ್ತಿತು. ಆ ಮನವಿಯನ್ನು ಸಂಪುಟ 2022ರ ಮೇನಲ್ಲಿ ಒಪ್ಪಲಿಲ್ಲ. ನಿಯಮ ಮೀರಿತೋ ಇಲ್ಲವೋ, ಕೋಟಿಗಟ್ಟಲೆ ಡಾಲರ್ ದರ ತೀರ್ಮಾನಿಸುವ ಕುರ್ಚಿಯಲ್ಲಿ ಕೂತವರು ಅರ್ಜಿದಾರರಿಂದ ದೂರ ಇರುವುದೇ ಒಳ್ಳೆಯದು ಅಂತ ನನಗನ್ನಿಸುತ್ತದೆ.

ಆಮೇಲೆ ನಡೆದದ್ದು ಬೇಗ ಬೇಗ. 2021ರ ತೀರ್ಮಾನದ ಬೆನ್ನಿಗೇ ಟೆಕ್‌ಸ್ಯಾವಿ ಸ್ಪೆಕ್ಟ್ರಂ ಹರಾಜಿನಿಂದ ಹೊರಬಂತು. 2022ರಲ್ಲಿ ಬೆಲ್, ಕ್ವಿಬೆಕ್‌ನ ಈಬಾಕ್ಸ್ ಮತ್ತು ಒಂಟಾರಿಯೊದ ಡಿಸ್ಟ್ರಿಬ್ಯೂಟೆಲ್ ಎರಡನ್ನೂ ಕೊಂಡುಕೊಂಡಿತು. ವಿಮೀಡಿಯಾ ವಿಡಿಯೊಟ್ರಾನ್ ಪಾಲಾಯಿತು, 2023ರಲ್ಲಿ ಆಕ್ಸಿಯೊ ಕೋಜೆಕೊ ಪಾಲಾಯಿತು. ಹೆಸರು ಉಳಿದಿರಬಹುದು, ಪ್ಲಾನ್ ಅಗ್ಗವಾಗಿಯೂ ಇರಬಹುದು, ಆದರೆ ಅವು ಈಗ ಪ್ರತಿಸ್ಪರ್ಧಿಗಳಲ್ಲ. ಒಂಟಾರಿಯೊ, ಕ್ವಿಬೆಕ್‌ನಲ್ಲಿ ಸ್ವತಂತ್ರ ಕಂಪನಿಗಳ ಗಿರಾಕಿಗಳ ಸಂಖ್ಯೆ ಎರಡೇ ವರ್ಷದಲ್ಲಿ ಶೇ. 47 ಕುಸಿದಿದೆ ಅಂತ 2023ರ ನವೆಂಬರ್‌ನಲ್ಲಿ ಆಯೋಗವೇ ಹೇಳಿತು.

ಕುಸಿತಕ್ಕೆ ದರ ಒಂದೇ ಕಾರಣವಾಗಿರಲಿಲ್ಲ. ಅಷ್ಟರಲ್ಲಿ ಗಿರಾಕಿಗಳು ಫೈಬರ್ ಕೇಳಲು ಶುರು ಮಾಡಿದ್ದರು. ಸಣ್ಣ ಕಂಪನಿಗಳ ಕೈಗೆ ಸಿಗುತ್ತಿದ್ದದ್ದು ಟೆಲಿಫೋನ್ ಕಡೆಯಿಂದ ತಾಮ್ರದ ತಂತಿಯ ಕೊನೆ, ಇಲ್ಲವೇ ಕೇಬಲ್. ಫೈಬರ್ ಅನ್ನೂ ಹಂಚಬೇಕು ಅಂತ ಆಯೋಗ 2015ರಲ್ಲೇ ಹೇಳಿತ್ತು. ಆದರೆ ಷರತ್ತು ಹೇಗಿತ್ತೆಂದರೆ, ಸಣ್ಣ ಕಂಪನಿ ಊರೂರಿನ ಟೆಲಿಫೋನ್ ಎಕ್ಸ್‌ಚೇಂಜ್‌ಗೂ ತನ್ನದೇ ಜಾಲ ತಂದು ಜೋಡಿಸಬೇಕು. ಅಷ್ಟು ದುಡ್ಡಿದ್ದವರು ಸಣ್ಣವರಾಗಿ ಯಾಕಿರುತ್ತಾರೆ? ಹೆಚ್ಚುಕಡಿಮೆ ಯಾರೂ ಅದನ್ನು ಬಳಸಲಿಲ್ಲ. ಕಾಗದದ ಮೇಲೆ ಹಕ್ಕಿತ್ತು, ಮನೆಗೆ ಸೇವೆ ತಲುಪಲಿಲ್ಲ.

2023 ಹೊಸ ಅಧ್ಯಾಯ. ಜನವರಿಯಲ್ಲಿ ವಿಕಿ ಈಟ್ರೈಡ್ಸ್ ಅಧ್ಯಕ್ಷೆಯಾದರು. ಫೆಬ್ರುವರಿಯಲ್ಲಿ ಸರಕಾರ ಆಯೋಗಕ್ಕೆ ಹೊಸ ನೀತಿ ನಿರ್ದೇಶನ ಕೊಟ್ಟಿತು, ಅದರಲ್ಲಿ ಸಗಟು ದರಗಳನ್ನು ಬೇಗ ತೀರ್ಮಾನಿಸಬೇಕು ಅನ್ನುವುದೂ ಇತ್ತು. ಮಾರ್ಚ್‌ನಲ್ಲಿ ಆಯೋಗ ಇಡೀ ಚೌಕಟ್ಟಿನ ಮರುಪರಿಶೀಲನೆ ಆರಂಭಿಸಿ ಕೆಲವು ಕೊಳವೆ ದರಗಳನ್ನು ಕೂಡಲೇ ಶೇ. 10 ಇಳಿಸಿತು. ನವೆಂಬರ್ 6ರಂದು, ಒಂಟಾರಿಯೊ ಮತ್ತು ಕ್ವಿಬೆಕ್‌ನಲ್ಲಿ ಬೆಲ್ ಮತ್ತು ಟೆಲಸ್ ತಮ್ಮ ಫೈಬರ್ ಅನ್ನು ಆರು ತಿಂಗಳೊಳಗೆ, ಊರೂರಿಗೆ ಹೋಗುವ ಷರತ್ತಿಲ್ಲದೆ, ಪ್ರತಿಸ್ಪರ್ಧಿಗಳಿಗೆ ಕೊಡಬೇಕು ಅಂತ ಆದೇಶಿಸಿತು. ಬೆಲ್ ಕೂಡಲೇ 2024 ಮತ್ತು 2025ರ ಹೂಡಿಕೆಯಲ್ಲಿ 100 ಕೋಟಿ ಡಾಲರ್‌ಗೂ ಹೆಚ್ಚು ಕಡಿತ ಮಾಡುತ್ತೇವೆ ಅಂತ ಹೇಳಿತು.

ಇದನ್ನು ಬರೀ ಬೆದರಿಕೆ ಅಂತ ತಳ್ಳಿಹಾಕುವುದು ಸುಲಭ. ನಾನು ಹಾಗೆ ಮಾಡಲಾರೆ. ಫೈಬರ್ ಹಾಕಲು ನಿಜಕ್ಕೂ ಭಾರೀ ದುಡ್ಡು ಬೇಕು, ಹಾಕುವಾಗ ಎಷ್ಟು ಮನೆಗಳು ಗಿರಾಕಿಗಳಾಗುತ್ತವೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಹಾಕಿ ಮುಗಿದ ಮೇಲೆ, ಗೆದ್ದ ಬೀದಿಗೆ ಮಾತ್ರ ಪ್ರತಿಸ್ಪರ್ಧಿ ಬಂದು ಸಗಟು ದರಕ್ಕೆ ಕೊಳ್ಳುತ್ತಾರೆ, ಸೋತ ಬೀದಿಯ ನಷ್ಟ ಮಾತ್ರ ಹಾಕಿದವರದ್ದು. ವೆಚ್ಚದ ಲೆಕ್ಕದಲ್ಲಿ ಈ ಅಪಾಯಕ್ಕೆ ಬೆಲೆ ಕಟ್ಟದಿದ್ದರೆ ಮುಂದಿನ ಊರಿಗೆ ಫೈಬರ್ ಹೋಗುವುದಿಲ್ಲ. ಒಂಟಾರಿಯೊದ ಉತ್ತರದ ಸಣ್ಣ ಊರಿನವರಿಗೆ ಟೊರೊಂಟೊದಲ್ಲಿ ಬಿಲ್ ಹತ್ತು ಡಾಲರ್ ಇಳಿಯಿತು ಅನ್ನುವುದರಿಂದ ಏನು ಪ್ರಯೋಜನ? ಆದರೆ ಇದಕ್ಕೆ ಪರಿಹಾರ ದರದ ಒಳಗೇ ಇದೆ. ಅಪಾಯಕ್ಕೆ ಸರಿಯಾದ ಪ್ರತಿಫಲ ಸೇರಿಸಿ, ಕಾರಣ ಬರೆದು, ಬೇಗ ಪ್ರಕಟಿಸಿದರೆ ಹಾಕುವವರಿಗೂ ಕೊಳ್ಳುವವರಿಗೂ ಲೆಕ್ಕ ಸಿಗುತ್ತದೆ.

2024ರ ಆಗಸ್ಟ್ 13ರ ನೀತಿಯಲ್ಲಿ ಆಯೋಗ ಈ ಎರಡನ್ನೂ ಹಿಡಿಯಲು ನೋಡಿತು. ದೊಡ್ಡ ಟೆಲಿಫೋನ್ ಕಂಪನಿಗಳ ಫೈಬರ್ 2025ರ ಫೆಬ್ರುವರಿ 13ರಿಂದ ದೇಶದಾದ್ಯಂತ ಪ್ರತಿಸ್ಪರ್ಧಿಗಳಿಗೆ ತೆರೆಯಬೇಕು. ಆದರೆ ನೀತಿ ಬಂದ ದಿನದ ನಂತರ ಹಾಕಿದ ಹೊಸ ಫೈಬರ್‌ಗೆ ಐದು ವರ್ಷ ವಿನಾಯಿತಿ. ಫೈಬರ್‌ನ ದರಗಳು 2024ರ ಅಕ್ಟೋಬರ್‌ನಲ್ಲಿ ಬಂದವು. ಅವೂ ಮಧ್ಯಂತರ ದರಗಳೇ.

ಇದರೊಳಗೆ ಯಾರೂ ನಿರೀಕ್ಷಿಸದ ಒಂದು ತಿರುವು ಬಂತು. ಈ ಸಗಟು ಫೈಬರ್ ಅನ್ನು ಕೊಳ್ಳಲು ಸಣ್ಣವರಿಗೆ ಮಾತ್ರ ಅವಕಾಶವಾ, ದೊಡ್ಡವರಿಗೂ ಇದೆಯಾ? ತಮ್ಮ ಸ್ವಂತ ಜಾಲ ಇರುವ ಪ್ರದೇಶದಲ್ಲಿ ಕೊಳ್ಳುವಂತಿಲ್ಲ, ಹೊರಗೆ ಕೊಳ್ಳಬಹುದು ಅಂತ ಆಯೋಗ ಹೇಳಿತು. ಪಶ್ಚಿಮದ ಟೆಲಸ್ ಇದನ್ನೇ ಹಿಡಿದು ಒಂಟಾರಿಯೊ, ಕ್ವಿಬೆಕ್‌ಗೆ ಬಂದು ಬೆಲ್‌ನ ಫೈಬರ್ ಮೇಲೆ ಇಂಟರ್ನೆಟ್ ಮಾರಲು ಶುರು ಮಾಡಿತು. ಬೆಲ್, ರಾಜರ್ಸ್ ವಿರೋಧಿಸಿದವು, ಅದು ಸಹಜ. ಸಣ್ಣವರೂ ವಿರೋಧಿಸಿದರು. ಮೊಬೈಲ್ ಜೊತೆ ಇಂಟರ್ನೆಟ್ ಸೇರಿಸಿ ಒಟ್ಟಿಗೆ ರಿಯಾಯಿತಿ ಕೊಡಬಲ್ಲ ದೈತ್ಯ ಕಂಪನಿ ನಮ್ಮ ಹೆಸರಿನಲ್ಲಿ ತೆರೆದ ಬಾಗಿಲಿನಿಂದ ಬಂದರೆ ನಾವೆಲ್ಲಿ ಉಳಿಯುತ್ತೇವೆ ಅನ್ನುವುದು ಅವರ ಪ್ರಶ್ನೆ. ಸಂಪುಟ ಮರುಪರಿಶೀಲಿಸಿ ಅಂತ ಆಯೋಗಕ್ಕೆ ವಾಪಸ್ ಕಳಿಸಿತು. ಆಯೋಗ 2025ರ ಜೂನ್‌ನಲ್ಲಿ ತನ್ನ ನಿಲುವನ್ನೇ ಉಳಿಸಿಕೊಂಡಿತು. ಆಗಸ್ಟ್‌ನಲ್ಲಿ ಸಚಿವೆ ಮೆಲನಿ ಜೋಲಿ, ಸರಕಾರ ಅದನ್ನು ಬದಲಿಸುವುದಿಲ್ಲ ಅಂತ ತಿಳಿಸಿದರು. ಗಿರಾಕಿಗೆ ಇವತ್ತು ಒಂದು ಆಯ್ಕೆ ಹೆಚ್ಚಾಯಿತು, ನಿಜ. ಆದರೆ ಮೂರು ದೊಡ್ಡ ಕಂಪನಿಗಳು ಒಬ್ಬರ ತಂತಿಯ ಮೇಲೆ ಒಬ್ಬರು ಮಾರುವುದನ್ನು ಸ್ಪರ್ಧೆ ಅಂತ ಪೂರ್ತಿ ಒಪ್ಪಲು ನನಗೆ ಮನಸ್ಸು ಬರುವುದಿಲ್ಲ. ಬೆಲೆ ಏರಿಸುವ ದಿನ ಬಂದಾಗ ಮೂವರೂ ಏರಿಸಬಹುದು.

ಭಾರತದಲ್ಲೂ ಇಂಥ ಪ್ರಯತ್ನ ಒಮ್ಮೆ ಮೊಳಕೆಯಲ್ಲೇ ನಿಂತಿತು. 2004ರಲ್ಲಿ ಟ್ರಾಯ್, ಬಿಎಸ್‌ಎನ್‌ಎಲ್‌ನ ತಾಮ್ರದ ತಂತಿಗಳನ್ನು ಬೇರೆ ಕಂಪನಿಗಳೂ ಬಳಸುವ ಹಾಗಾಗಬೇಕು ಅಂತ ಶಿಫಾರಸು ಮಾಡಿತ್ತು. ಆ ವರ್ಷದ ಬ್ರಾಡ್‌ಬ್ಯಾಂಡ್ ನೀತಿ ಅದನ್ನು ಕಡ್ಡಾಯ ಮಾಡಲಿಲ್ಲ. ನಮ್ಮಲ್ಲಿ ಸ್ಪರ್ಧೆ ಬಂದದ್ದು ಬೇರೆ ದಾರಿಯಲ್ಲಿ, ಮೊಬೈಲ್‌ನಿಂದ ಮತ್ತು ಗಲ್ಲಿ ಗಲ್ಲಿಯಲ್ಲಿ ಕೇಬಲ್ ಎಳೆದವರಿಂದ.

ಕೆನಡಾದಲ್ಲಿರುವ ನಮ್ಮವರಿಗೆ ಇದರಿಂದ ನೇರವಾಗಿ ಬೇಕಾಗುವ ಎರಡು ವಿಷಯ ಇವೆ. ಸಿಆರ್‌ಟಿಸಿ ಮುಂದೆ ಬರುವ ಟ್ಯಾರಿಫ್ ಮತ್ತು ಸಮಾಲೋಚನೆಗಳಿಗೆ ಕಂಪನಿಗಳು ಮಾತ್ರವಲ್ಲ, ಯಾರು ಬೇಕಾದರೂ ಅಭಿಪ್ರಾಯ ಬರೆದು ಕಳಿಸಬಹುದು. ಅದಕ್ಕೆ ವಕೀಲರು ಬೇಕಿಲ್ಲ, ಅದು ಸಾರ್ವಜನಿಕ ಕಡತ ಸೇರುತ್ತದೆ. ಇನ್ನೊಂದು, ಹೊಸ ಬಡಾವಣೆಯಲ್ಲಿ ಮನೆ ಕೊಳ್ಳುವವರಿಗೆ. 2024ರ ಆಗಸ್ಟ್ 13ರ ನಂತರ ಹಾಕಿದ ಫೈಬರ್ ಆಗಿದ್ದರೆ ಅದನ್ನು ಪ್ರತಿಸ್ಪರ್ಧಿಗಳಿಗೆ ಕೊಡುವ ಕಡ್ಡಾಯ 2029ರ ಆಗಸ್ಟ್ 13ರವರೆಗೆ ಇಲ್ಲ. ಪಕ್ಕದ ಹಳೆಯ ಬೀದಿಯಲ್ಲಿ ಸಣ್ಣ ಕಂಪನಿಯ ಫೈಬರ್ ಪ್ಲಾನ್ ಸಿಗುತ್ತಿದ್ದು ನಿಮ್ಮ ವಿಳಾಸಕ್ಕೆ ಮಾತ್ರ ಇಲ್ಲ ಅಂತ ಬಂದರೆ ಕಾರಣ ಬಹುಶಃ ಇದೇ.